ಸಣ್ಣೀರ ಬಾಣಂತಿಯನ್ನ ಕರೆತಂದದ್ದು

ಕೂತ್ಕೊಳ್ಳಿ ಮತ್ತೆ. ನಡುವೆ ನಡುವೆ ಅದ್ಯಾಕೆ ಇದ್ಯಾಕೆ ಅನ್ನೋರು ಈಗಲೇ ಎದ್ದು ಆಚೆ ಜಗಲಿಗೆ ಹೋಗಿ. ಪೆದ್ದನ ಕತೆಗೆ ಯಾಕೆ ಅಂತ ಕೇಳೋನು ಪೆದ್ದನಿಗಿಂತ ಒಂದು ಗೇಣು ಮುಂದೆ ಅಂತ ನಮ್ಮಜ್ಜಿ ಹೇಳ್ತಿದ್ಲು.

ಒಂದೂರಲ್ಲಿ ದ್ಯಾವಮ್ಮ ಅಂತ ಒಬ್ಬ ಕುಂಬಾರಗಿತ್ತಿ. ಗಂಡ ತೀರ್ಕೊಂಡು ಬಹಳ ಕಾಲ ಆಗಿತ್ತು. ದೊಡ್ಡ ಮಗಳು ಹೊನ್ನಿ ಮದುವೆಯಾಗಿ ಕೆರೆಯಾಚೆ ಊರಿಗೆ ಹೋಗಿದ್ಲು. ಚಿಕ್ಕೋನು ಸಣ್ಣೀರ, ಅವ್ವನ ಜೊತೇಲಿದ್ದ. ತಿಗರಿ ಮುಂದೆ ಕೂತ ಅಂದ್ರೆ ಅವನ ಕೈಯಂಥ ಕೈ ಸುತ್ತಲ ಊರಲ್ಲಿರಲಿಲ್ಲ. ಬುದ್ಧಿಯೆಲ್ಲ ಕೈಗೇ ಇಳಿದುಬಿಟ್ಟು ತಲೆಗೆ ಏನೂ ಉಳಿದಿರಲಿಲ್ಲ, ಅಷ್ಟೇ ತೊಂದರೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ಗುಣ, ಅದೇ ಅವನ ರೋಗ.

ಬೇಸಿಗೆ ಬಂತು ಅಂದ್ರೆ ಕುಂಬಾರರ ಮನೇಲಿ ಉಸಿರಾಡೋಕೆ ಬಿಡುವಿರಲ್ಲ. ಊರೂರಿಗೆಲ್ಲ ತಣ್ಣೀರಿನ ಕೊಡ ಬೇಕು, ಮದುವೆ ಮನೆಗೆಲ್ಲ ಚಿತ್ರ ಬರೆದ ಮಡಕೆ ಬೇಕು. ಮಣ್ಣು ತುಳಿ, ತಿಗರಿ ತಿರುಗಿಸು, ಮಡಕೆ ಸುಡೋ ಆವಿಗೆ ಒಟ್ಟು, ಬೆಂಕಿ ಇಡು, ಬೆಂದದ್ದನ್ನ ಹೊತ್ತು ಮಾರು, ಮತ್ತೆ ಬಂದು ಮಣ್ಣು ತುಳಿ. ಮುದ್ದೆ ತಿಂದದ್ದೂ ನಿಂತ್ಕೊಂಡೇ. ಮನೆ ಗೋಡೆ ಬಿರಿದಿತ್ತು, ಸಣ್ಣೀರನ ಕೂದಲು ಹೆಗಲ ಮೇಲೆ ಇಳಿದಿತ್ತು, ನೋಡೋರು ಯಾರು?

ಅದೇ ಬೇಸಿಗೇಲಿ ಹೊನ್ನಿ ತುಂಬಿದ ಬಸುರಿ. ಮೊದಲ ಹೆರಿಗೆ ತವರಲ್ಲೇ ಆಗಬೇಕು, ಇದು ಯಾರಿಗೆ ಗೊತ್ತಿಲ್ಲ? ಈ ಆವಿಗೆ ಇಳಿಸಿ ಕರ್ಕೊಂಡು ಬರ್ತೀನಿ, ಈ ಆವಿಗೆ ಇಳಿಸಿ ಕರ್ಕೊಂಡು ಬರ್ತೀನಿ ಅಂತ ದ್ಯಾವಮ್ಮ ಅಂತಾನೇ ಇದ್ಲು. ಮಗು ಆವಿಗೆಗೆಲ್ಲ ಕಾಯುತ್ತಾ? ಗಂಡನ ಮನೇಲೇ ಹುಟ್ಟಿಬಿಡ್ತು. ಗಂಡು ಮಗು. ಹೊನ್ನಿಯ ಅತ್ತೆ ಮಾಳಮ್ಮ ಕೆಂಡಾಮಂಡಲ ಆಗಿ ಹೇಳಿಕಳಿಸಿದ್ಲು: ಮಗಳಿಗಿಂತ ಮಡಕೆ ಹೆಚ್ಚಾಯ್ತಾ ನಿಮಗೆ? ಬಾಣಂತಿ ಬೇಕಾದ್ರೆ ಒಡಹುಟ್ಟಿದ ತಮ್ಮನೇ ಬಂದು ಕರೀಲಿ. ಬೇರೆ ಯಾರು ಬಂದ್ರೂ ಬಾಗಿಲು ತೆಗೆಯಲ್ಲ. ಬಂದೋನು ಏನಾದ್ರೂ ಎಡವಟ್ಟು ಮಾಡಿದನೋ, ಮಗು ನಡೆದಾಡೋವರೆಗೂ ಅಜ್ಜಿ ಮುಖ ನೋಡಲ್ಲ.

ಅದನ್ನ ಕೇಳಿ ದ್ಯಾವಮ್ಮ ಹಸಿ ಮಡಕೆ ಮುಂದೆ ಕೂತು ಅತ್ತಿದ್ದೇ ಅತ್ತಿದ್ದು. ಒಡಹುಟ್ಟಿದ ತಮ್ಮ ಅಂದ್ರೆ ಯಾರು? ಸಣ್ಣೀರ. ಎಡವಟ್ಟು ಅಂದ್ರೆ ಯಾರು? ಅದೂ ಸಣ್ಣೀರನೇ.

ಅಂತೂ ಮುಂಗಾರಿನ ನಾಲ್ಕು ಹನಿ ಬಿತ್ತು, ಕೊಡ ಕೇಳೋರು ನಿಂತ್ರು, ಆವಿಗೆ ತಣ್ಣಗಾಯ್ತು. ದ್ಯಾವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ಲು. "ಮಗಾ, ಬೇಸಿಗೆ ಪೂರ್ತಿ ಮಡಕೆ ಮಾಡಿದ್ವಿ. ಈಗ ನಿನ್ನನ್ನ ಮನುಷ್ಯನ್ನ ಮಾಡ್ಬೇಕು" ಅಂದ್ಲು.

ಸಣ್ಣೀರನಿಗೆ ಹಿಗ್ಗೋ ಹಿಗ್ಗು. ಅವನು ಸೋದರಮಾವ ಆಗಿದ್ದ ಅಲ್ವಾ? ಕೂತ್ರೆ ನಿಂತ್ರೆ ಅಳಿಯನದೇ ಧ್ಯಾನ. ಅಕ್ಕನ್ನ ನಾನೇ ಕರ್ಕೊಂಡು ಬರ್ತೀನಿ, ಅಳಿಯನ್ನ ನಾನೇ ಎತ್ಕೊಂಡು ಬರ್ತೀನಿ, ಅದೇನು ಕಲಿಸ್ತೀಯೋ ಇವತ್ತೇ ಕಲಿಸವ್ವ ಅಂತ ಕುಣಿದಾಡಿದ.

ದ್ಯಾವಮ್ಮ ಗೋಡೆಗೆ ಮಣ್ಣು ಮೆತ್ತಿದಳು, ನೆಲ ಸಾರಿಸಿದಳು, ತೊಟ್ಟಿಲು ಇಳಿಸಿ ತೊಳೆದಳು. ಬಾಣಂತಿ ನೀರಿಗೆ ಹರಳೆಣ್ಣೆ ಬೇಕಲ್ಲ, ಗಾಣದ ಮನೆಯಿಂದ ತಾ ಅಂತ ಮಗನ್ನ ಓಡಿಸಿದಳು. ಸಣ್ಣೀರ ಕೈಗೆ ಸಿಕ್ಕಿದ ಮಡಕೆ ತಗೊಂಡ. ಸಿಕ್ಕಿದ್ದು ಸೀಳು ಬಿಟ್ಟ ಮಡಕೆ. ತುಂಬಿಸ್ಕೊಂಡು ಹಾಡ್ಕೊಂಡು ಬಂದ. ಗಾಣದಿಂದ ಮನೆವರೆಗೂ ದಾರಿಗೆ ಎಣ್ಣೆಸ್ನಾನ ಆಯ್ತು, ಮಡಕೆಯಲ್ಲಿ ಒಂದು ತೊಟ್ಟೂ ಇಲ್ಲ. ಹಿಂದೆ ಬರ್ತಿದ್ದ ಎಮ್ಮೆ ಎರಡು ಜಾರಿ ಬಿದ್ವು.

ದ್ಯಾವಮ್ಮ ಹಣೆ ಹಣೆ ಚಚ್ಚಿಕೊಂಡಳು. ಕೆರೆ ಮಣ್ಣಿಗೂ ಹದ ಬರ್ತದೆ, ನಿನಗೆ ಬರಲಿಲ್ವಲ್ಲೋ ಅಂತ ಗೋಳಾಡಿದಳು. "ಕುಂಬಾರನ ಮಗ ಆಗಿ ಇಷ್ಟೂ ತಿಳೀಬಾರದಾ? ಏನನ್ನೇ ತಗೊಳ್ಳೋಕೆ ಮುಂಚೆ ಬೆರಳು ಮಡಿಸಿ ತಟ್ಟಿ ನೋಡ್ಬೇಕು. ಠಣ್ ಅಂದ್ರೆ ತಗೋ. ಬೊದ್ ಅಂದ್ರೆ ಬಿಡು."

"ಅಷ್ಟೇ ತಾನೆ? ಕಲ್ತುಬಿಟ್ಟೆ ಬಿಡವ್ವ" ಅಂದ ಸಣ್ಣೀರ.

ಮಾರನೇ ದಿನ ಬೀಗರ ಮನೆಗೆ ಒಯ್ಯೋಕೆ ನಾಟಿಕೋಳಿ ಮೊಟ್ಟೆ ಬೇಕಾಯ್ತು. ಊರಂಚಲ್ಲಿ ಲಚ್ಚಜ್ಜಿ ಅಂತ ಕೋಳಿ ಸಾಕಿದ್ದ ಮುದುಕಿ. ಒಂದು ಹೊಸ ಕೊಡ ಕೊಟ್ಟು ಬುಟ್ಟಿ ತುಂಬ ಮೊಟ್ಟೆ ಈಸ್ಕೊಂಡು ಬಾ ಅಂತ ದ್ಯಾವಮ್ಮ ಕಳಿಸಿದಳು. ಸಣ್ಣೀರ ಹೋದ, ಬುಟ್ಟಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಒಂದು ಮೊಟ್ಟೆ ತಗೊಂಡ, ಬೆರಳು ಮಡಿಸಿ ತಟ್ಟಿದ. ಬೊದ್ ಅಂತು. ಇದು ಬೇಡ ಅಂತ ಪಕ್ಕಕ್ಕಿಟ್ಟ. ಇನ್ನೊಂದು ತಗೊಂಡ, ತಟ್ಟಿದ. ಅದೂ ಬೊದ್. ಇದೂ ಬೇಡ. ಅಜ್ಜಿ ಒಳಗೆ ಹೋಗಿ ಎಲೆಅಡಿಕೆ ಹಾಕ್ಕೊಂಡು ಬರೋದರೊಳಗೆ ಬುಟ್ಟಿಯಲ್ಲಿದ್ದದ್ದಷ್ಟನ್ನೂ ತಟ್ಟಿ ಮುಗಿಸಿದ್ದ. ಮೊಣಕೈವರೆಗೂ ಲೋಳೆ. ಬೇಜಾರಿನಿಂದ ಮುದುಕಿಗೇ ಬುದ್ಧಿ ಹೇಳಿದ, "ಅಜ್ಜಿ, ನಿನ್ನ ಕೋಳಿಗೆ ಸುಡೋ ಹದ ಗೊತ್ತಿಲ್ಲ. ಒಂದೂ ಠಣ್ ಅನ್ನಲ್ಲ."

ಲಚ್ಚಜ್ಜಿ ಕಸಬರಿಗೆ ತಗೊಂಡು ಮನೆವರೆಗೂ ಅಟ್ಟಿಸ್ಕೊಂಡು ಬಂದಳು. ದ್ಯಾವಮ್ಮ ಅವಳಿಗೆ ಇನ್ನೂ ಎರಡು ಕೊಡ ಕೊಟ್ಟು, ಕೈಮುಗಿದು, ಅವಳ ಮನೆ ಅಟ್ಟದ ಮೇಲಿದ್ದ ಬೇರೆ ಮೊಟ್ಟೆ ಕೇಳಿ ತರೋ ಹೊತ್ತಿಗೆ ಸಾಕುಸಾಕಾಯ್ತು. ಕೆರೆ ಮಣ್ಣಿಗೂ ಹದ ಬರ್ತದೆ ಅಂತ ಮತ್ತೆ ಶುರುಮಾಡಿದಳು. ನಾಜೂಕಿನ ಪದಾರ್ಥ ತರೋವಾಗ ತಟ್ಟಬಾರದು ಕಣೋ, ಬುಟ್ಟಿಗೆ ಒಣಹುಲ್ಲು ಹಾಸಬೇಕು, ಮೇಲೂ ಹುಲ್ಲು ಹೊದಿಸ್ಬೇಕು, ಮೆತ್ತಗೆ ತಲೆ ಮೇಲೆ ಹೊತ್ತು ತರಬೇಕು ಅಂದ್ಲು.

"ಅಷ್ಟೇ ತಾನೆ? ಕಲ್ತುಬಿಟ್ಟೆ ಬಿಡವ್ವ."

ಬೇಸಿಗೆ ಪೂರ್ತಿ ಆ ಮನೆಗೆ ಕೆಂಡದ ಕೊರತೆ ಇರಲಿಲ್ಲ. ಒಲೆ ಆರಿದ್ರೆ ಆವಿಗೆಯಿಂದ ಒಂದು ಚೂರು ಎತ್ಕೊಂಡು ಬರ್ತಿದ್ರು. ಈಗ ಆವಿಗೇಲಿ ಬರೀ ಬೂದಿ. ಬೆಳಗ್ಗೆ ಎದ್ದು ನೋಡ್ತಾಳೆ, ಒಲೆಯಲ್ಲೂ ಬೂದಿ. ಪಕ್ಕದ ಮನೆಯಿಂದ ನಾಲ್ಕು ಕೆಂಡ ಈಸ್ಕೊಂಡು ಬಾ, ನೀರು ಕಾಯಿಸ್ತೀನಿ, ನಿನ್ನ ಈ ಕೂದಲು ಕತ್ತರಿಸಿ ತಲೆಗೆ ಎರೀತೀನಿ, ನಾಳೆ ಬೀಗರ ಮನೆಗೆ ಹೋಗೋನು ಹಿಂಗಿರಬಾರದು ಅಂತ ಮಗನಿಗೆ ಹೇಳಿದಳು.

ಸಣ್ಣೀರ ಕೆಂಡ ನೋಡಿದ. ಕೆಂಪಗೆ, ಮುಟ್ಟಿದ್ರೆ ಪುಡಿ ಆಗೋ ಹಾಗಿದೆ. ನಾಜೂಕು ಅಂದ್ರೆ ಇದೇ ನಾಜೂಕು ಅಂದ್ಕೊಂಡ. ಬುಟ್ಟಿಗೆ ಒಣಹುಲ್ಲು ಹಾಸಿದ, ಮೇಲೂ ಹುಲ್ಲು ಹೊದಿಸಿದ, ಮೆತ್ತಗೆ ತಲೆ ಮೇಲೆ ಹೊತ್ತ. ಎರಡು ಹೆಜ್ಜೆ ಇಟ್ಟ, ಹೊಗೆ ಬಂತು. ಇನ್ನೆರಡು ಇಟ್ಟ, ಉರಿ ಬಂತು. ತಲೆ ಮೇಲೆ ಜ್ವಾಲೆ ಹೊತ್ಕೊಂಡು ಬೀದೀಲಿ ಓಡಿ ಬರ್ತಿದ್ರೆ ನಾಯಿಗಳೆಲ್ಲ ಬಾಲ ಮಡಚಿದ್ವು. ದ್ಯಾವಮ್ಮ ಮಣ್ಣು ನೆನೆಹಾಕಿದ್ದ ಬಾನಿ ಎತ್ತಿ ಮಗನ ಮೇಲೆ ಸುರಿದಳು. ಜೀವಕ್ಕೇನೂ ಆಗಲಿಲ್ಲ. ಕೂದಲು ಪೂರ್ತಿ ಹೋಯ್ತು, ಕತ್ತರಿಸೋ ಕೆಲಸ ತಪ್ಪಿತು.

ಈ ಸಲ ದ್ಯಾವಮ್ಮ ಬೈಯೋದಕ್ಕೂ ಮುಂಚೆ ಅತ್ತುಬಿಟ್ಟಳು. ಮೊಮ್ಮಗನ ಮುಖ ನೋಡೋ ಭಾಗ್ಯ ನನಗಿಲ್ಲ ಅಂದ್ಲು. ಅವ್ವ ಅಳೋದು ನೋಡಿ ಸಣ್ಣೀರನಿಗೂ ಅಳು ಬಂತು. ಇಲ್ಲವ್ವ, ಕಲೀತೀನಿ, ಇದೊಂದು ಸಲ ಹೇಳಿಕೊಡು ಅಂತ ಕಾಲಿಗೆ ಬಿದ್ದ. ಹೊಗೆ ಕಂಡಲ್ಲಿ ನೀರು ಸುರೀಬೇಕು ಕಣೋ, ಕೇಳ್ತಾ ನಿಲ್ಲಬಾರದು, ನೋಡ್ತಾ ನಿಲ್ಲಬಾರದು ಅಂತ ಅವಳು ಮೂಗು ಒರೆಸಿಕೊಂಡು ಹೇಳಿಕೊಟ್ಟಳು.

"ಅಷ್ಟೇ ತಾನೆ? ಕಲ್ತುಬಿಟ್ಟೆ ಬಿಡವ್ವ."

ಮಾರನೇ ಬೆಳಗ್ಗೆ ಹೊರಟ. ಬೋಳು ತಲೆಗೆ ಹೊಸ ರುಮಾಲು, ಅದರ ಮೇಲೆ ಮೊಟ್ಟೆ ಬುಟ್ಟಿ. ದ್ಯಾವಮ್ಮ ಹೊಸಲವರೆಗೂ ಬಂದಳು. ಕೊನೇ ಮಾತು ಹೇಳಿದಳು: "ಮಾಳಮ್ಮ ಕೋಪ ಮಾಡ್ಕೊಂಡ್ರೆ ಕಾಲು ಹಿಡ್ಕೊ. ನನ್ನ ಮಗಳೂ ಮೊಮ್ಮಗನೂ ಈ ಹೊಸಲು ದಾಟೋವರೆಗೂ ಆ ಕಾಲು ಬಿಡಬೇಡ."

ಈಗ ನೋಡಿ, ನಮ್ಮ ಸಣ್ಣೀರನ್ನ ಬರೀ ಬೈಯಬಾರದು. ಕೆರೆ ಏರಿ ಹತ್ತಿ ಇಳಿದು ಬೀಗರ ಊರು ಸೇರಿದ, ಒಂದೇ ಒಂದು ಮೊಟ್ಟೆಯೂ ಒಡೆದಿರಲಿಲ್ಲ. ಅಂಗಳದಲ್ಲಿ ಬುಟ್ಟಿ ಇಳಿಸಿ ಹುಲ್ಲು ಸರಿಸಿ ನೋಡಿ ಅವನಿಗೇ ಆಶ್ಚರ್ಯ. ಕಲಿತೇಬಿಟ್ಟೆ, ಅವ್ವಾ, ಮನುಷ್ಯ ಆಗೇಬಿಟ್ಟೆ ಅಂತ ಹಿಗ್ಗಿ ಒಳಗೆ ನುಗ್ಗಿದ.

ನುಗ್ಗಿದ್ದು ಯಾವ ಹೊತ್ತಿಗೆ? ಬಾಣಂತಿಗೆ ನೀರು ಹಾಕಿ ಆಗ ತಾನೆ ಮುಗಿದಿತ್ತು. ಹೊನ್ನಿ ಮಗು ಎತ್ಕೊಂಡು ಮಂಚದ ಮೇಲೆ ಕೂತಿದ್ಲು. ತಾಯಿಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯೋಣ ಅಂತ ಮಾಳಮ್ಮ ಮೂಲೇಲಿ ಕುಕ್ಕರುಗಾಲಲ್ಲಿ ಕೂತು ಕೆಂಡ ಊದ್ತಿದ್ಲು. ಮನೆ ತುಂಬ ಹೊಗೆ, ಹೊಗೆ ನಡುವೆ ಮಾಳಮ್ಮ.

ಸಣ್ಣೀರ ಕೇಳ್ತಾ ನಿಲ್ಲಲಿಲ್ಲ, ನೋಡ್ತಾ ನಿಲ್ಲಲಿಲ್ಲ. ಬಚ್ಚಲಲ್ಲಿ ಉಳಿದಿದ್ದ ನೀರಿನ ಕೊಳಗ ಎತ್ತಿದ, ಬೀಗಿತ್ತಿ ನೆತ್ತಿ ಮೇಲೆ ದಬದಬ ಸುರಿದ. ಕೆಂಡ ಚುಂಯ್ ಅಂತು. ಮಾಳಮ್ಮ ತಿರುಗಿದಳು. ಮುಖವೆಲ್ಲ ಬೂದಿ, ಸೀರೆಯಿಂದ ತೊಟತೊಟ ನೀರು.

"ಗಾಬರಿಯಾಗಬೇಡಿ ಅತ್ತೆ, ಆರಿಹೋಯ್ತು" ಅಂದ ಸಣ್ಣೀರ.

ಆಮೇಲೆ ಆ ಮನೇಲಿ ಎದ್ದ ಗದ್ದಲ ನಾನು ಹೇಳಲ್ಲ, ಇಲ್ಲಿ ಹೆಣ್ಣುಮಕ್ಕಳು ಕೂತಿದ್ದಾರೆ. ಕಳಿಸಲ್ಲ ಅಂದ್ರೆ ಕಳಿಸಲ್ಲ, ಇವತ್ತಲ್ಲ, ಈ ವರ್ಷವೇ ಕಳಿಸಲ್ಲ ಅಂದ್ಲು ಮಾಳಮ್ಮ. ಹೊನ್ನಿ ಕಣ್ಣಲ್ಲಿ ನೀರು. ಸಣ್ಣೀರನಿಗೆ ಅವ್ವನ ಮುಖ ಕಣ್ಮುಂದೆ ಬಂತು, ಅವ್ವನ ಮಾತೂ ನೆನಪಾಯ್ತು. ದಡಾರನೆ ಬಿದ್ದು ಬೀಗಿತ್ತಿಯ ಎರಡೂ ಕಾಲು ಹಿಡ್ಕೊಂಡ.

ಮಣ್ಣು ಹಿಸುಕಿದ ಕೈ ಅದು, ಉಡದ ಪಟ್ಟು. ಮಾಳಮ್ಮ ಬೈದಳು, ಬಿಡಲಿಲ್ಲ. ಬೆನ್ನಿಗೆ ಗುದ್ದಿದಳು, ಬಿಡಲಿಲ್ಲ. ಒಲೆ ಮೇಲಿನ ಹಾಲು ಉಕ್ಕಿತು, ಕಟ್ಟಿದ್ದ ಕರು ಬಿಚ್ಚಿಕೊಂಡು ಹೋಯ್ತು, ಬಿಡಲಿಲ್ಲ. ಮಧ್ಯಾಹ್ನದ ಊಟವನ್ನ ಅವಳು ಹಂಗೇ ನಿಂತು ಮಾಡಿದಳು. ಕೊನೆಗೆ ಸೋತು, ಆಯ್ತು ಮಾರಾಯ, ಕರ್ಕೊಂಡು ಹೋಗು, ಕಾಲು ಬಿಡು ಅಂದ್ಲು.

"ಬಿಡೋಕಾಗಲ್ಲ ಅತ್ತೆ. ಅವ್ವ ಹೇಳಿದ್ದಾಳೆ, ನಮ್ಮನೆ ಹೊಸಲು ದಾಟಬೇಕು."

ಇನ್ನೇನು ಮಾಡೋದು? ಗಾಡಿ ಕಟ್ಟಿದ್ರು. ಮುಂದೆ ಮಗು ಎತ್ಕೊಂಡು ಹೊನ್ನಿ ಕೂತಳು. ಹಿಂದೆ ಹುಲ್ಲಿನ ಮೇಲೆ ಮಾಳಮ್ಮನನ್ನ ಕೂರಿಸಿದ್ರು, ಅವಳ ಕಾಲೆರಡೂ ಗಾಡಿಯ ಹಿಂದಕ್ಕೆ ಚಾಚಿದ್ವು. ಆ ಕಾಲು ಹಿಡ್ಕೊಂಡು ಸಣ್ಣೀರ ಗಾಡಿ ಹಿಂದೆ ನಡೆದ. ಕೆರೆ ಏರಿ ಮೇಲೆ ಬಟ್ಟೆ ಒಗೀತಿದ್ದೋರು ಒಗೆಯೋದು ಬಿಟ್ಟು ನಕ್ಕರು. ಮಾಳಮ್ಮ ಸೆರಗಿಂದ ಮುಖ ಮುಚ್ಕೊಂಡಳು. ಆದರೆ ಒಂದು ಮಾತು. ಅವಳಿಗೆ ಕಾಲುನೋವು, ಬಹಳ ಹಳೇದು, ಮಗನಾಗಲಿ ಸೊಸೆಯಾಗಲಿ ಒಂದು ದಿನವೂ ಒತ್ತಿದವರಿಲ್ಲ. ಗಾಡಿ ಕುಲುಕಿದಾಗೆಲ್ಲ ಈ ಹುಡುಗನ ಹಿಡಿತ ಬಿಗಿಯಾಗೋದು, ಸಡಿಲವಾಗೋದು. ಏರಿ ಇಳಿಯೋ ಹೊತ್ತಿಗೆ ನೋವು ಎಲ್ಲಿ ಹೋಯ್ತೋ, ಬೈಗುಳವೂ ಅದರ ಜೊತೆ ಹೋಯ್ತು. ಎಡಗಾಲು ಇನ್ನೂ ಸ್ವಲ್ಪ ಗಟ್ಟಿಯಾಗಿ ಹಿಡಿ ಅಂತ ಮೆಲ್ಲಗೆ ಅಂದ್ಲು.

ಗಾಡಿ ದ್ಯಾವಮ್ಮನ ಬಾಗಿಲಿಗೆ ಬಂತು. ಬೆಳಗಿಂದ ಹೊಸಲು ಬಿಟ್ಟು ಕದಲದೆ ಕಾಯ್ತಿದ್ದೋಳು ನೋಡ್ತಾಳೆ, ಮಗಳು ಬಂದಿದ್ದಾಳೆ, ಮೊಮ್ಮಗ ಬಂದಿದ್ದಾನೆ, ಮೇಲೆ ಬೀಗಿತ್ತಿಯೂ ಬಂದಿದ್ದಾಳೆ. ಓಡಿ ಬಂದು ಎರಡೂ ಕೈ ಚಾಚಿದಳು. ಹೊನ್ನಿ ಮಗು ನೀಡಿದಳು.

"ನಿಲ್ಲವ್ವ!" ಅಂತ ಗಾಡಿ ಹಿಂದಿನಿಂದ ಕೂಗು ಬಂತು. "ಹಂಗೇ ತಗೋಬೇಡ!"

ಸಣ್ಣೀರ ಮಾಳಮ್ಮನ ಕಾಲೆರಡನ್ನೂ ಎಡಗಂಕುಳಿಗೆ ಸಿಕ್ಕಿಸಿಕೊಂಡ. ಬಲಗೈ ಚಾಚಿ, ಬೆರಳು ಮಡಿಸಿ, ಅಳಿಯನ ಬೋಳು ತಲೆಯ ಮೇಲೆ ಟಕ್ ಅಂತ ಒಂದು ತಟ್ಟಿದ. ಮಗು ಕಿಟಾರನೆ ಕಿರುಚಿದ ಸದ್ದು ಊರಂಚಿನ ಲಚ್ಚಜ್ಜಿ ಮನೆಗೂ ಕೇಳಿಸ್ತು.

"ಠಣ್ ಅಂತು ಕಣವ್ವ! ಎಲ್ಲೂ ಸೀಳಿಲ್ಲ. ಈಗ ತಗೋ."

ದ್ಯಾವಮ್ಮ ಮೊಮ್ಮಗನ್ನ ಎದೆಗೆ ಅವಚಿಕೊಂಡು ಹೊಸಲವರೆಗೆ ಹೋದಳು. ಅಲ್ಲಿ ನಗು ತಡೆಯೋಕಾಗಲಿಲ್ಲ, ಅಳುವೂ ತಡೆಯೋಕಾಗಲಿಲ್ಲ, ಹೊಸಲ ಮೇಲೇ ಕೂತುಬಿಟ್ಟಳು. ಅವಳು ಏಳಲೂ ಇಲ್ಲ, ಹೊನ್ನಿಗೆ ದಾಟೋಕೆ ದಾರಿಯೂ ಇಲ್ಲ. ಬಿಡೋ, ಇನ್ನಾದರೂ ಕಾಲು ಬಿಡೋ ಅಂತ ಗಾಡಿ ಮೇಲಿಂದ ಮಾಳಮ್ಮ ನಗ್ತಾ ನಗ್ತಾ ಬೇಡಿಕೊಂಡಳು.

"ಸ್ವಲ್ಪ ತಡೀರಿ ಅತ್ತೆ" ಅಂದ ಸಣ್ಣೀರ, ಹಿಡಿತ ಇನ್ನೂ ಬಿಗಿ ಮಾಡ್ಕೊಂಡು. "ಹೊಸಲು ಇನ್ನೂ ದಾಟಿಲ್ಲ."