ಬೇವಿನ ಎಲೆಯ ಸಾಕ್ಷಿ

ಹೊಳೆಯ ಈ ದಡದಲ್ಲಿ ರೇವಣಯ್ಯನವರ ಮಠ, ಆ ದಡದಲ್ಲಿ ನರಹರಿ ಜೋಯಿಸರ ಮನೆ. ಇಬ್ಬರೂ ಒಬ್ಬರೇ ಗುರುವಿನ ಬಳಿ ವೈದ್ಯ ಕಲಿತವರು. ಆದರೆ ಒಂದು ಎಲೆಯ ವಿಷಯದಲ್ಲಿ ಮಾತ್ರ ನಲವತ್ತು ವರ್ಷದಿಂದ ಒಬ್ಬರ ಮಾತನ್ನು ಒಬ್ಬರು ಒಪ್ಪಿದವರಲ್ಲ.

ಹಾವು ಕಚ್ಚಿಸಿಕೊಂಡವರು ಬಂದರೆ ಜೋಯಿಸರು ಮೊದಲು ಬೇವಿನ ಎಲೆ ಅಗಿಯಲು ಕೊಡುತ್ತಿದ್ದರು. ಕಹಿ ಎಂದರೆ ವಿಷ ಏರಿಲ್ಲ, ಬದುಕುತ್ತಾರೆ. ಸಪ್ಪೆ ಎಂದರೆ ಏರಿದೆ.

ರೇವಣಯ್ಯನವರು ಎಲೆಯನ್ನು ನಂಬುತ್ತಿರಲಿಲ್ಲ. ಹೆದರಿದ ನಾಲಿಗೆ ಏನು ಬೇಕಾದರೂ ಹೇಳುತ್ತದೆ ಎನ್ನುತ್ತಿದ್ದರು. ಕಾಲು ಅಲುಗದಂತೆ ಬಿದಿರ ದಬ್ಬೆ ಕಟ್ಟಿ, ದೋಣಿಯಲ್ಲಿ ಮಲಗಿಸಿ, ಪಟ್ಟಣದ ದವಾಖಾನೆಗೆ ಕಳಿಸಿಬಿಡುತ್ತಿದ್ದರು.

ಯಾರು ಸರಿ ಎಂದು ಕೇಳಿದರೆ ಊರವರು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ, ಎರಡೂ ದಡಕ್ಕೆ ಕೈ ಮುಗಿಯುತ್ತಿದ್ದರು.

ರೇವಣಯ್ಯನವರ ಶಿಷ್ಯ ಅಡಿವೆಪ್ಪನಿಗೆ ಅಷ್ಟು ಸಾಲದು. ಏಳು ವರ್ಷದ ಹಿಂದೆ, ಜೋಳದ ಹೊಲದಲ್ಲಿ, ಅವನ ಹೆಂಡತಿ ನೀಲವ್ವನಿಗೆ ಹಾವು ಕಚ್ಚಿತ್ತು. ಅವನು ಎಲೆ ತರಲು ಊರಾಚೆಯ ಬೇವಿನ ಮರಕ್ಕೆ ಓಡಿದ್ದ. ತಿರುಗಿ ಬರುವಷ್ಟರಲ್ಲಿ ಅವಳ ಮಾತು ನಿಂತಿತ್ತು. ಅವಳು ಉಳಿಯಲಿಲ್ಲ; ಎಲೆ ಅವನ ಮುಷ್ಟಿಯಲ್ಲೇ ಉಳಿಯಿತು.

ಆಮೇಲೆ ಅವನು ಮಠ ಸೇರಿದ. ದಿನಾ ಬೆಳಿಗ್ಗೆ ಮಠದ ಹಿಂದಿನ ದಿಬ್ಬ ಹತ್ತಿ, ಒಂದು ಹಿಡಿ ಬೇವು ಕಿತ್ತು ಅಗಿಯುತ್ತಿದ್ದ. ಅಗಿಯುವಷ್ಟು ಹೊತ್ತು ಅವಳು ಹತ್ತಿರ ಇದ್ದಾಳೆ ಅನಿಸುತ್ತಿತ್ತು. ಅವಳ ಬಳಿ ಹೋಗಲು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಒಂದು ದಿನ ಎಲೆ ಅಗಿಯುತ್ತಲೇ ಬಂದು ಗುರುವನ್ನು ಕೇಳಿಯೇಬಿಟ್ಟ.

“ಅಪ್ಪಾರ, ನಾ ಲಗೂನ ಎಲಿ ತಂದಿದ್ರ ನೀಲವ್ವ ಏನಂತಿದ್ಲು? ಕಹಿ ಅಂತಿದ್ಲೋ, ಸಪ್ಪಗ ಅಂತಿದ್ಲೋ?”

“ಈಗ ನಿನ್ನ ಬಾಯಾಗ ಎಲಿ ಐತಲ್ಲ. ಹೆಂಗೈತಿ?”

ಅಡಿವೆಪ್ಪ ನಾಲಿಗೆ ಆಡಿಸಿ ನೋಡಿದ. “ಏನೂ ಗೊತ್ತಾಗವಲ್ದು ರೀ. ಮೊದಲ ಕಹಿ ಇತ್ತು. ಈಗೀಗ ಹುಲ್ಲು ತಿಂದಂಗ ಆಗತೈತಿ.”

“ಹೋಗು, ಇದನ್ನ ಜೋಯಿಸರಿಗೆ ಹೇಳಿ ಬಾ.”

ಜೋಯಿಸರು ಅವನ ಕೈಕಾಲೆಲ್ಲ ತಡವಿ ನೋಡಿದರು. ಎಲ್ಲೂ ಗಾಯವಿಲ್ಲ. ಎಲೆ ಸುಳ್ಳು ಎನ್ನಲು ಅವರಿಗೆ ಮನಸ್ಸು ಬರಲಿಲ್ಲ. ನಿನಗೆ ವಿಷ ಏರಿರುವುದು ಖರೆ, ಎಲ್ಲಿ ಕಚ್ಚಿದೆಯೋ ನನಗೆ ತಿಳಿಯದು ಎಂದು ಹೇಳಿ ಕಳಿಸಿದರು.

ಇದನ್ನು ಕೇಳಿ ಗುರು ನಗುತ್ತಾರೆ ಎಂದುಕೊಂಡಿದ್ದ ಅಡಿವೆಪ್ಪ. ಅವರು ನಗಲಿಲ್ಲ.

“ಎಲ್ಲಿ ಕಚ್ಚೇತಿ ಅಂತ ಗೊತ್ತಾದಾಗ ನನಗೂ ಹೇಳು” ಎಂದರು.

ಸುಗ್ಗಿ ಬಂತು. ಹುಲ್ಲು ಕೊಯ್ಯಲು ಈ ದಡಕ್ಕೆ ಬಂದಿದ್ದ ಹೆಣ್ಣುಮಗಳೊಬ್ಬಳನ್ನು ಅವಳ ಗಂಡ ಬೆನ್ನ ಮೇಲೆ ಹೊತ್ತು ತಂದ. ಪಾದದಲ್ಲಿ ಹಲ್ಲಿನ ಎರಡು ಗುರುತು. ಗುರು ದಬ್ಬೆ ಕಟ್ಟಲು ಕುಳಿತರು. ಅಡಿವೆಪ್ಪ ದೋಣಿ ಬಿಚ್ಚಿದ.

ಗಂಡ ಆ ದಡದವನು, ಜೋಯಿಸರ ಪದ್ಧತಿ ಕಂಡವನು. ದಿಬ್ಬದ ಮೇಲಿನ ಬೇವಿನ ಮರ ನೋಡಿದ್ದೇ ತಡ, ಎಲೆ ತರುತ್ತೇನೆಂದು ಎದ್ದ. ಅವಳು ಅವನ ಧೋತರದ ಚುಂಗು ಹಿಡಿದಳು.

“ಎಲ್ಲೂ ಹೋಗಬ್ಯಾಡ್ರಿ. ನನಗ ಅಂಜಿಕಿ ಬರತೈತಿ.”

ಅವನು ಅವಳ ಬೆರಳು ಬಿಡಿಸತೊಡಗಿದ.

ಅಡಿವೆಪ್ಪನ ಕೈಯಿಂದ ದೋಣಿಯ ಹಗ್ಗ ಜಾರಿತು. ಅಂದು ನೀಲವ್ವನೂ ಹೀಗೇ ಚುಂಗು ಹಿಡಿದಿದ್ದಳು. ಇದೇ ಮಾತು ಹೇಳಿದ್ದಳು. ಅವನೂ ಹೀಗೇ ಬೆರಳು ಬಿಡಿಸಿ ಓಡಿದ್ದ. ಏಳು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಹೋಗಿ ಆ ಗಂಡನ ಭುಜ ಹಿಡಿದ.

“ಕುಂದ್ರಪಾ. ಎಲಿ ಕೇಳಬ್ಯಾಡ. ಆಕಿ ಏನ್ ಹೇಳಾಕತ್ತಾಳ, ಅದನ್ನ ಕೇಳು.”

ಗಂಡ ಕುಳಿತ. ದೋಣಿಯಲ್ಲೂ ಅವಳ ಕೈ ಬಿಡಲಿಲ್ಲ. ಹುಟ್ಟು ಹಾಕುತ್ತಿದ್ದ ಅಡಿವೆಪ್ಪನಿಗೆ ಆ ಎರಡು ಕೈಗಳನ್ನು ನೋಡಲು ಆಗಲಿಲ್ಲ. ನೋಡದೆ ಇರಲೂ ಆಗಲಿಲ್ಲ.

ದವಾಖಾನೆಯಲ್ಲಿ ಸೂಜಿಮದ್ದು ಕೊಟ್ಟರು. ಅವಳು ಎದ್ದು ಕೂರಲು ಒಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಅಡಿವೆಪ್ಪ ಅಲ್ಲೇ ಉಳಿದು ಗಂಜಿ ತಂದುಕೊಟ್ಟ, ನೀರು ಹೊತ್ತ. ಬೇವಿನ ನೆನಪೇ ಆಗಲಿಲ್ಲ.

ಮಠಕ್ಕೆ ಮರಳಿದ ಬೆಳಿಗ್ಗೆ ರೂಢಿಯಂತೆ ದಿಬ್ಬ ಹತ್ತಿ ಎಲೆ ಕಿತ್ತ. ಅಗಿಯುತ್ತ ಇಳಿದು ಬಂದವನು ಮೆಟ್ಟಿಲ ಬಳಿ ನಿಂತುಬಿಟ್ಟ. ಕಣ್ಣು ತುಂಬಿ ಬಂದವು.

ಮೆಟ್ಟಿಲ ಮೇಲೆ ಕುಳಿತಿದ್ದ ಗುರು ಸರಿದು ಜಾಗ ಮಾಡಿಕೊಟ್ಟರು.

“ಅಪ್ಪಾರ, ಆಕಿ ಹೋಗಬ್ಯಾಡ್ರಿ ಅಂದಿದ್ಲು ರೀ. ನಾ ಎಲಿಗೆ ಓಡಿದೆ.”

ಗುರು ಅವನ ಕಡೆ ತಿರುಗಿದರು.

“ಎಲಿ ಹೆಂಗೈತಿ?”

“ಕಹಿ ಐತ್ರಿ” ಎಂದ ಅಡಿವೆಪ್ಪ, ಅಳುತ್ತ. “ಭಾಳ ಕಹಿ ಐತಿ.”

ನಲವತ್ತು ವರ್ಷ ಆ ಎಲೆಯನ್ನು ನಂಬದಿದ್ದ ರೇವಣಯ್ಯನವರು ಅವನ ಬೆನ್ನ ಮೇಲೆ ಕೈಯಿಟ್ಟರು.

“ಹಂಗಾದ್ರ ಬದುಕತಿ, ತಮ್ಮಾ.”