ಬೋರಲು ಹರಿಗೋಲು

ಹೊಳೆ ತುಂಬಿ ಹರಿಯುವಷ್ಟು ದಿನ ಅಂಬಿಗನ ಹರಿಗೋಲು ದಡದ ಮೇಲೆ ಬೋರಲಾಗಿ ಬಿದ್ದಿರಬೇಕು. ಅದು ಹಾಗೆ ಬಿದ್ದಿರುವಷ್ಟು ದಿನ ಆಶ್ರಮದಿಂದ ಅವನ ಮನೆಗೆ ದಿನಕ್ಕೆರಡು ಸೇರು ಜೋಳ ಹೋಗಬೇಕು. ಇದು ಗುರುಗಳು ಮಾಡಿದ್ದ ಕಟ್ಟಳೆ.

ಉಗ್ರಾಣದ ಬೀಗದ ಕೈ ಶಿಷ್ಯ ನಿರಂಜನನ ಬಳಿ ಇತ್ತು. ಅವನು ಹಸಿದು ಬೆಳೆದವನು. ಕಣಜ ಇಳಿಯತೊಡಗಿದರೆ ಈಗಲೂ ದಿನಕ್ಕೆರಡು ಬಾರಿ ಕೋಲಿಟ್ಟು ಅಳೆಯುತ್ತಿದ್ದ.

ಆ ವರ್ಷ ಪ್ರವಾಹ ಬೇಗ ಇಳಿಯಲಿಲ್ಲ. ಹನ್ನೆರಡನೆಯ ದಿನ ನಿರಂಜನ ಎರಡು ಸೇರನ್ನು ಒಂದಾಗಿಸಿದ. ಹದಿನೈದನೆಯ ದಿನ ಅಂಬಿಗ ದುರುಗಪ್ಪ ಬಂದು ಕರೆದಾಗ ಬಾಗಿಲನ್ನೇ ತೆರೆಯಲಿಲ್ಲ.

"ಇನ್ನು ನಾಲ್ಕು ದಿನ ತಾಳಿಕೋ," ಎಂದ ಕಿಂಡಿಯಿಂದ.

ದುರುಗಪ್ಪ ನಕ್ಕ. "ನಾ ತಾಳ್ತೀನ್ರಿ ಸ್ವಾಮ್ಯಾರ. ಕೂಸುಗಳಿಗೆ ನೀವ ಬಂದು ಹೇಳ್ರಿ. ಆಚಿ ದಂಡಿ ಸಾಹುಕಾರ, ದಾಟಿಸಿದ್ರ ಚೀಲ ಜ್ವಾಳ ಕೊಡ್ತೀನಿ ಅಂದಾನ."

"ಈ ಹೊಳೆಯಲ್ಲೇ? ಹುಚ್ಚು ಹಿಡಿದಿದೆಯೇ ನಿನಗೆ?"

"ತುಂಬಿದ ಹೊಳಿ ಅಂದ್ರ ನನಗ ಸಣ್ಣಂದಿನಿಂದ ಆಟಾರಿ. ನೀವು ಅಗಳಿ ಭದ್ರ ಹಾಕ್ಕೊಂಡು ಕುಂದರ್ರಿ!"

ಸಾಹುಕಾರನನ್ನು ಕರೆತರಲು ಹೊರಟ ಹರಿಗೋಲು ನಡುಹೊಳೆಯ ಬಂಡೆಗೆ ಬಡಿಯಿತು. ಮರುದಿನ ಕೆಳಗಿನ ಮಡುವಿನಲ್ಲಿ ದುರುಗಪ್ಪನ ಹೆಣ ಸಿಕ್ಕಿತು.

ನಡೆದದ್ದೆಲ್ಲ ಗುರುಗಳಿಗೆ ತಿಳಿಯಿತು. ಅದಾದ ನಾಲ್ಕನೆಯ ದಿನ ಹೊಳೆ ಇಳಿಯಿತು. ಕಣಜದಲ್ಲಿ ಇನ್ನೂ ಮೊಣಕಾಲುದ್ದ ಜೋಳವಿತ್ತು.

ಗುರುಗಳು ಒಂದು ಚೀಲ ತುಂಬಿಸಿ ನಿರಂಜನನ ಹೆಗಲಿಗೇರಿಸಿದರು. ಇಬ್ಬರೂ ಅಂಬಿಗನ ಗುಡಿಸಲಿಗೆ ಹೋದರು.

ದುರುಗಪ್ಪನ ಹೆಂಡತಿ ಹುಲಿಗೆವ್ವ ಚೀಲವನ್ನು ನೋಡಿದಳು. ಮುಟ್ಟಲಿಲ್ಲ.

"ಇದು ಹರಗೋಲ ಬೋರಲಿದ್ದಾಗ ಕೊಡೂದಲ್ಲೇನ್ರಿ, ಸ್ವಾಮ್ಯಾರ? ಈಗ ಹರಗೋಲನ ಇಲ್ಲ."

ನಿರಂಜನ ಚೀಲವನ್ನು ಹೊಸ್ತಿಲ ಬಳಿ ಇಳಿಸಿ ಹೊರಬಂದ. ದಡದಲ್ಲಿ, ಹರಿಗೋಲು ಬಿದ್ದಿದ್ದ ಜಾಗದಲ್ಲಿ, ಹುಲ್ಲು ದುಂಡಗೆ ಬಿಳಿಚಿಕೊಂಡಿತ್ತು. ಗುರುಗಳು ಅದರ ಅಂಚಿನಲ್ಲಿ ನಿಂತಿದ್ದರು.

"ದುರುಗಪ್ಪನ ಸ್ವಭಾವವೇ ದುಡುಕಿನದು, ಗುರುಗಳೇ," ಎಂದ ನಿರಂಜನ. "ಹಸಿವು ನನಗೂ ಗೊತ್ತು. ಆದರೆ ನಾನೆಂದೂ ಪ್ರಾಣವನ್ನು ಪಣಕ್ಕಿಟ್ಟವನಲ್ಲ."

ಗುರುಗಳು ಬಾಗಿ ಆ ಬಿಳಿಚಿದ ಹುಲ್ಲನ್ನು ಮುಟ್ಟಿದರು.

"ನೀನೂ ಇಟ್ಟೆ, ನಿರಂಜನ. ಅವನು ಇಟ್ಟದ್ದೂ ಅವನ ಪ್ರಾಣವನ್ನೇ, ನೀನು ಇಟ್ಟದ್ದೂ ಅವನ ಪ್ರಾಣವನ್ನೇ."