ಉಪ್ಪು ನೋಡಿದ ಗೆಳೆಯರು

ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಬಾಣಲೆಗೂ ಕಾವಲಿಗೂ ಕೋಳಿ ರೆಕ್ಕೆ ಬೇಯಿಸುವ ಸ್ನೇಹದ ಪಂದ್ಯ ಏರ್ಪಟ್ಟಿತು. ಗೆದ್ದವರ ಅಡುಗೆ ಇನ್ನು ಪ್ರತಿ ಶುಕ್ರವಾರದ ಊಟಕ್ಕೆ. ಮಾಡಿದವರೇ ರುಚಿ ನೋಡುವ ಪದ್ಧತಿ ಅಲ್ಲಿರಲಿಲ್ಲ. ಉಪ್ಪನ್ನು ಇನ್ನೊಬ್ಬರೇ ನೋಡಬೇಕು.

ಬಾಣಲೆ ರೆಕ್ಕೆ ಕರಿದು, "ಕಾವಲಿಯಣ್ಣಾ, ಸ್ವಲ್ಪ ಉಪ್ಪು ನೋಡು" ಎಂದಿತು.

ಕಾವಲಿ ತಿಂದು ನೋಡಿತು. ಉಪ್ಪೇ ಬಿದ್ದಿರಲಿಲ್ಲ. ಹೇಳಿದರೆ ಹೊಟ್ಟೆಕಿಚ್ಚು ಅಂದುಕೊಂಡೀತು ಎಂದು, "ಹದವಾಗಿದೆ" ಎಂದಿತು. ಆಮೇಲೆ ತಾನು ಬೇಯಿಸಿದ ರೆಕ್ಕೆಯನ್ನು ಬಾಣಲೆಗೆ ಕೊಟ್ಟಿತು. ಅದೂ ಸಪ್ಪೆ. ಬಾಣಲೆಯೂ "ಹದವಾಗಿದೆ" ಎಂದಿತು.

ಉಪ್ಪಿನ ಡಬ್ಬಿ ತಡೆಯಲಾರದೆ, "ನನ್ನ ಮುಚ್ಚಳವನ್ನೇ ಯಾರೂ ತೆಗೆದಿಲ್ಲವಲ್ಲ!" ಎಂದಿತು.

"ಗೆಳೆಯರ ಮಧ್ಯೆ ಬಾಯಿ ಹಾಕಬೇಡ" ಎಂದು ಎರಡೂ ಗದರಿದವು.

ಊಟದ ಗಂಟೆ ಹೊಡೆಯಿತು. ಕಾರ್ಮಿಕರು ಒಂದು ತುತ್ತು ತಿಂದವರೇ "ಉಪ್ಪು ತನ್ನಿ!" ಎಂದು ಕೂಗಿದರು. ಡಬ್ಬಿ ಮೇಜಿಂದ ಮೇಜಿಗೆ ಸುತ್ತಿ ಬರಿದಾಗಿ ಮರಳಿತು. ಶುಕ್ರವಾರದ ಊಟಕ್ಕೆ ಎಂದಿನ ಮೊಟ್ಟೆ ಸಾರೇ ಸಾಕೆಂದು ತೀರ್ಪಾಯಿತು.

"ಸಪ್ಪೆ ಅಂತ ನಿನಗೆ ಗೊತ್ತಿತ್ತೇ?" ಬಾಣಲೆ ಕೇಳಿತು.

"ಗೊತ್ತಿತ್ತು. ನಿನಗೆ?"

"ನನಗೂ. ನೀನು ಬೇಜಾರು ಮಾಡಿಕೊಳ್ಳಬಾರದು ಅಂತ ಹದವಾಗಿದೆ ಅಂದೆ."

ಡಬ್ಬಿ ಹೇಳಿತು: "ನೋಡಬೇಕಾಗಿದ್ದದ್ದು ಉಪ್ಪು. ನೀವಿಬ್ಬರೂ ನೋಡಿದ್ದು ಮುಖ."